‘ಲಾಲಿ’ ಎಂಬ ಕುಲನಾಮ: ಹೆಸರು ಎಷ್ಟರಮಟ್ಟಿಗೆ ಸಾಕ್ಷ್ಯ?

ವ್ಯಕ್ತಿನಾಮ, ಸ್ಥಳನಾಮಗಳನ್ನು ಇತಿಹಾಸದ ಆಕರಗಳಾಗಿ ಬಳಸುವ ಪದ್ಧತಿ ನಮ್ಮಲ್ಲಿ ಚೆನ್ನಾಗಿ ಬೇರೂರಿದೆ. ಶಾಸನಗಳು ಮೌನವಾಗಿರುವೆಡೆ ಊರಿನ ಹೆಸರೊಂದು ಮಾತನಾಡುವುದುಂಟು. ಆದರೆ ಸಾಕ್ಷಿ ಎಷ್ಟೇ ಪ್ರಾಮಾಣಿಕನಾಗಿದ್ದರೂ ಪಾಟೀಸವಾಲಿಗೆ ಒಳಪಡಿಸದೆ ಅವನ ಮಾತಿನ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲ. ಹೆಸರೊಂದು ಹಲವು ಭಾಷೆಗಳನ್ನೂ ಲಿಪಿಗಳನ್ನೂ ದಾಟಿ ಬಂದಿದ್ದಾಗಲಂತೂ ಈ ಎಚ್ಚರ ಅತ್ಯಗತ್ಯ. ಐರ್ಲೆಂಡಿನ ‘ಲಾಲಿ’ ಎಂಬ ಕುಲನಾಮ ಇದಕ್ಕೆ ತಕ್ಕ ನಿದರ್ಶನ. ಮೈಸೂರಿನ ಇತಿಹಾಸವನ್ನು ಓದಿದವರಿಗೆ ಈ ಹೆಸರು ಅಪರಿಚಿತವಲ್ಲ. ಅದರಿಂದ ಉಂಟಾಗಬಹುದಾದ ಭ್ರಾಂತಿಯೂ ಅಲ್ಪವಾದುದಲ್ಲ.

ಮೊದಲು ಹೆಸರಿನ ಮೂಲವನ್ನು ನೋಡೋಣ. ಐರಿಷ್ ಭಾಷೆಯಲ್ಲಿ ಇದು ‘ಓ’ ಎಂಬ ಪೂರ್ವಪದವುಳ್ಳ ದೀರ್ಘವಾದ ಹೆಸರು. ‘ಓ’ ಎಂದರೆ ಮೊಮ್ಮಗ, ವಂಶಜ ಎಂದರ್ಥ. ಇಂಗ್ಲಿಷಿನ ಬಾಯಲ್ಲಿ ಅದು ‘ಮುಲ್ಲಾಲಿ’ ಎಂದೂ, ಇನ್ನೂ ಮೊಟಕಾಗಿ ‘ಲಾಲಿ’ ಎಂದೂ ಆಯಿತು. ಈ ಮನೆತನದ ಒಂದು ಶಾಖೆಯ ನೆಲೆ ಗಾಲ್ವೇ ಪ್ರಾಂತದ ಟೂಮ್ ಪಟ್ಟಣದ ಬಳಿಯ ಟುಲ್ಲಿನಡಾಲಿ. ಆ ಊರ ಹೆಸರಿಗೆ ‘ಸಭೆಯ ದಿಣ್ಣೆ’ ಎಂದು ಅರ್ಥ. ೧೬೯೧ರ ಲಿಮೆರಿಕ್ ಒಪ್ಪಂದದ ಅನಂತರ ಎರಡನೆಯ ಜೇಮ್ಸ್ ದೊರೆಯ ಪಕ್ಷದ ಐರಿಷ್ ಯೋಧರು ಸಾವಿರಗಟ್ಟಲೆಯಾಗಿ ಫ್ರಾನ್ಸಿಗೆ ವಲಸೆ ಹೋದರು. ಹಾಗೆ ದೇಶ ತೊರೆದ ಜೆರಾರ್ಡ್ ಲಾಲಿಯ ಮಗನೇ ೧೭೦೨ರಲ್ಲಿ ಫ್ರಾನ್ಸಿನ ರೋಮಾನ್ಸ್ ಪಟ್ಟಣದಲ್ಲಿ ಜನಿಸಿದ ತೋಮಾಸ್ ಆರ್ಥರ್ ಲಾಲಿ. ಕಳೆದುಕೊಂಡ ಊರಿನ ಹೆಸರು ಫ್ರೆಂಚ್ ಉಚ್ಚಾರದಲ್ಲಿ ‘ತೊಲಾಂದಾಲ್’ ಎಂದು ಮಾರ್ಪಟ್ಟು, ಅವನ ಬಿರುದಿನಲ್ಲಿ ಉಳಿದುಕೊಂಡಿತು.

ಇಲ್ಲಿಂದ ಮುಂದೆ ಹೆಸರಿನ ಜಾಡು ಸ್ಪಷ್ಟವಾಗಿದೆ. ೧೭೪೪ರಲ್ಲಿ ಕಟ್ಟಿದ ಒಂದು ಐರಿಷ್ ದಳಕ್ಕೆ ‘ಲಾಲಿ ರೆಜಿಮೆಂಟ್’ ಎಂದೇ ಹೆಸರಾಯಿತು. ಅದು ೧೭೪೫ರ ಫಾಂಟೆನಾಯ್ ಕಾಳಗದಲ್ಲಿ ಹೋರಾಡಿತು. ೧೭೫೮ರಲ್ಲಿ ಲಾಲಿ ಫ್ರೆಂಚ್ ಸೇನಾಪತಿಯಾಗಿ ಪುದುಚೇರಿಗೆ ಬಂದು ಸೇಂಟ್ ಡೇವಿಡ್ ಕೋಟೆಯನ್ನು ಗೆದ್ದನು. ಆದರೆ ತಂಜಾವೂರಿನಲ್ಲಿಯೂ ಮದರಾಸಿನಲ್ಲಿಯೂ ಅವನ ಯತ್ನಗಳು ವಿಫಲವಾದುವು. ೧೭೬೦ರ ಜನವರಿಯಲ್ಲಿ ವಾಂಡಿವಾಷ್ ಕಾಳಗದಲ್ಲಿ ಐರ್ ಕೂಟನಿಂದ ಸೋತನು. ೧೭೬೧ರ ಜನವರಿಯಲ್ಲಿ ಪುದುಚೇರಿಯನ್ನು ಒಪ್ಪಿಸಿ ಸೆರೆಯಾದನು. ಅವನ ಮೇಲೆ ರಾಜದ್ರೋಹದ ಆರೋಪ ಹೊರಿಸಿ, ೧೭೬೬ರ ಮೇ ೯ರಂದು ಪ್ಯಾರಿಸಿನಲ್ಲಿ ಶಿರಚ್ಛೇದ ಮಾಡಲಾಯಿತು. ಮಗ ತ್ರೋಫೀಮ್ ಜೆರಾರನೂ ವೋಲ್ಟೇರನೂ ನಡೆಸಿದ ಪ್ರಯತ್ನದ ಫಲವಾಗಿ ೧೭೭೮ರಲ್ಲಿ ಆ ತೀರ್ಪು ರದ್ದಾಯಿತು. ಇಂದಿಗೂ ಪುದುಚೇರಿಯಲ್ಲಿ ಲಾಲಿ ತೊಲಾಂದಾಲ್ ಬೀದಿಯಿದೆ. ಗಾಲ್ವೇಯ ದಿಣ್ಣೆಯೊಂದರ ಹೆಸರು ಕೋರಮಂಡಲ ತೀರದ ಬೀದಿಗೆ ಅಂಟಿದ ಬಗೆ ಇದು. ಆದರೆ ಬೀದಿಯ ಫಲಕವನ್ನು ಕೀರ್ತಿಯ ಪ್ರಮಾಣಪತ್ರವೆಂದು ತಿಳಿಯಬಾರದು. ಕೂಲಿಗಳು ದೊರೆಯದಿದ್ದಾಗ ಜಾತಿಭೇದವೆಣಿಸದೆ ಜನರನ್ನು ಹಿಡಿದು ಹೊರೆ ಹೊರಿಸಿದವನೂ, ತಂಜಾವೂರಿನ ದಂಡಯಾತ್ರೆಯಲ್ಲಿ ಕೀವಳೂರಿನ ದೇವಾಲಯವನ್ನು ಸೂರೆಗೊಂಡವನೂ ಈ ಲಾಲಿಯೇ. ಫಲಕ ಹೆಸರನ್ನು ಹೇಳುತ್ತದೆ, ನಡತೆಯನ್ನು ಹೇಳುವುದಿಲ್ಲ.

ಜಾಡು ಹೀಗೆ ಎಲ್ಲೆಡೆಯೂ ನೇರವಾಗಿರುವುದಿಲ್ಲ. ಅಮೆರಿಕದ ಕಟ್ಟಡಗಳಲ್ಲಿ, ಉಕ್ಕಿನ ಕೊಳವೆಯೊಳಗೆ ಕಾಂಕ್ರೀಟು ತುಂಬಿ ಮಾಡಿದ ಕಂಬವನ್ನು ‘ಲಾಲಿ ಕಂಬ’ ಎನ್ನುತ್ತಾರೆ. ೧೮೯೮ರಲ್ಲಿ ಅದಕ್ಕೆ ಪೇಟೆಂಟ್ ಪಡೆದ ಜಾನ್ ಲಾಲಿಯಿಂದ ಬಂದ ಹೆಸರದು. ಕುಲನಾಮ ಒಂದೇ ಎಂಬ ಮಾತ್ರಕ್ಕೆ ಅವನನ್ನು ಸೇನಾಪತಿಯ ವಂಶದವನೆನ್ನಲಾಗದು. ಕೊಯಮತ್ತೂರಿನ ‘ಲಾಲಿ ರಸ್ತೆ’ಯದು ಬೇರೆಯೇ ಕಥೆ. ೧೯೦೬ರಿಂದ ೧೯೧೧ರವರೆಗೆ ಮದರಾಸಿನ ಗವರ್ನರಾಗಿದ್ದ ಆರ್ಥರ್ ಲಾಲಿ ಎಂಬ ಇಂಗ್ಲಿಷರ ಹೆಸರು ಅದು. ರೋಮನ್ ಲಿಪಿಯಲ್ಲಿ ಅದರ ಕಾಗುಣಿತವೇ ಬೇರೆ. ಪಂಜಾಬಿನಲ್ಲಿ ಲಾಲಿ, ಲಲ್ಲಿ ಎಂಬ ಜಾಟ್ ಗೋತ್ರನಾಮವೊಂದಿದೆ. ಇಂಗ್ಲೆಂಡ್, ಕೆನಡಾಗಳಿಗೆ ಹೋದ ಅದರ ಜನರಲ್ಲಿ ಕೆಲವರು ತಮ್ಮ ಹೆಸರನ್ನು ಐರಿಷ್ ಲಾಲಿಯ ಕಾಗುಣಿತದಲ್ಲಿಯೇ ಬರೆಯುತ್ತಾರೆ. ಅಂದಮೇಲೆ, ಭಿನ್ನ ಹೆಸರುಗಳು ಒಂದೇ ರೂಪ ತಾಳುವುದು ನಮ್ಮ ಲಿಪಿಯಲ್ಲಿಯೂ ಸಾಧ್ಯ, ರೋಮನ್ ಲಿಪಿಯಲ್ಲಿಯೂ ಸಾಧ್ಯ. ಕನ್ನಡದಲ್ಲಿ ‘ಲಾಲಿ’ ಎಂದರೆ ತೊಟ್ಟಿಲ ಹಾಡು. ಐರಿಷ್ ಮನೆತನಕ್ಕೆ ಆ ಹಾಡಿನಿಂದ ಹೆಸರು ಬಂತೆಂದು ಯಾರೂ ವಾದಿಸಲಾರರು. ಅದೇ ವಿವೇಕವನ್ನು ನಾವು ಇತರ ಸಾಮ್ಯಗಳ ವಿಷಯದಲ್ಲಿಯೂ ತೋರಬೇಕು.

ಈಗ ಮೈಸೂರಿನ ಪ್ರಶ್ನೆ. ೧೭೬೦ರಲ್ಲಿ ಸಂಕಟದಲ್ಲಿದ್ದ ಸೇನಾಪತಿ ಲಾಲಿ ಹೈದರಾಲಿಯೊಡನೆ ಒಪ್ಪಂದ ಮಾಡಿಕೊಂಡನು. ತ್ಯಾಗದುರ್ಗ ಮೈಸೂರಿನವರ ವಶಕ್ಕೆ ಬಂದಿತು. ಹೈದರನ ಭಾವಮೈದುನ ಮಖ್ದೂಮ್ ಅಲಿ ಸೈನ್ಯದೊಡನೆ ಪುದುಚೇರಿಯ ನೆರವಿಗೆ ಹೋದನು. ಅದೇ ವರ್ಷ ಶ್ರೀರಂಗಪಟ್ಟಣದಲ್ಲಿ ಖಂಡೇರಾಯನು ತಿರುಗಿಬಿದ್ದುದರಿಂದ ಹೈದರನು ಆ ಸೈನ್ಯವನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಇಪ್ಪತ್ತು ವರ್ಷಗಳ ತರುವಾಯ, ೧೭೮೦ರ ಸೆಪ್ಟೆಂಬರಿನಲ್ಲಿ, ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಸೈನ್ಯ ನಾಶವಾದಾಗ ಹೈದರನ ಪಕ್ಷದಲ್ಲಿ ಫ್ರೆಂಚ್ ದಳದ ನಾಯಕನಾಗಿ ಮತ್ತೊಬ್ಬ ‘ಲಾಲಿ’ ಕಾಣಿಸಿಕೊಳ್ಳುತ್ತಾನೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಭಿತ್ತಿಚಿತ್ರದಲ್ಲಿ ದುರ್ಬೀನು ಹಿಡಿದವನಂತೆ ತೋರಿಸಿರುವುದು ಇವನನ್ನೇ. ಇಬ್ಬರನ್ನೂ ಒಬ್ಬನೆಂದು ಎಣಿಸುವುದು, ಇಲ್ಲವೇ ಎರಡನೆಯವನನ್ನು ಮೊದಲನೆಯವನ ಮಗನೆಂದೋ ಬಂಧುವೆಂದೋ ಊಹಿಸುವುದು ಓದುಗನಿಗೆ ಸಹಜ.

ಆದರೆ ೧೭೬೬ರಲ್ಲಿ ತಲೆ ಕಳೆದುಕೊಂಡವನು ೧೭೮೦ರಲ್ಲಿ ಯುದ್ಧ ಮಾಡಲಾರನು. ಅವನ ಮಗ ಆ ಕಾಲದಲ್ಲಿ ಫ್ರಾನ್ಸಿನಲ್ಲಿ ತಂದೆಯ ಮಾನವನ್ನು ಮರಳಿ ಪಡೆಯುವ ಹೋರಾಟದಲ್ಲಿದ್ದನು. ಮೈಸೂರಿನ ಅಧಿಕಾರಿಯ ನಿಜನಾಮ ದ ಲಾಲೇ. ಇಂಗ್ಲಿಷ್ ಬರಹಗಾರರು ತಮಗೆ ಪರಿಚಿತವಾದ ಹೆಸರಿನ ಅಚ್ಚಿಗೆ ಅದನ್ನು ಹೊಯ್ದು ‘ಲಾಲಿ’ ಎಂದು ಬರೆದರು. ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸನಲ್ಲಿಯೂ ಇದೇ ರೂಪ. ಈ ದ ಲಾಲೇ ಮೊದಲು ಆದವಾನಿಯ ಬಸಾಲತ್ ಜಂಗನ ಸಂಬಳದಲ್ಲಿದ್ದವನು. ೧೭೭೫ರ ಸುಮಾರಿಗೆ ಬಸಾಲತ್ ಜಂಗನ ಪರವಾಗಿ ಬಳ್ಳಾರಿಗೆ ಮುತ್ತಿಗೆ ಹಾಕಿದ್ದಾಗ, ಹಠಾತ್ತನೆ ಬಂದೆರಗಿದ ಹೈದರನಿಂದಲೇ ಸೋತು ಹಿಮ್ಮೆಟ್ಟಿದವನು. ಅನಂತರ ಅದೇ ಹೈದರನ ಸೇವೆಗೆ ಸೇರಿದನು. ಇಬ್ಬರನ್ನೂ ಒಬ್ಬನೆಂದು ಎಣಿಸಿದರೆ ಬಳ್ಳಾರಿಯ ಪ್ರಸಂಗಕ್ಕೆ ಅರ್ಥವೇ ಉಳಿಯುವುದಿಲ್ಲ.

ಇದು ಕೇವಲ ಕಾಗುಣಿತದ ತಕರಾರೆಂದು ಕೆಲವರಿಗೆ ತೋರಬಹುದು. ಹಾಗಲ್ಲ. ೧೭೬೦ರ ಒಪ್ಪಂದ ಫ್ರೆಂಚ್ ದೊರೆಯ ಪ್ರತಿನಿಧಿಗೂ ಮೈಸೂರಿನಲ್ಲಿ ತಲೆಯೆತ್ತುತ್ತಿದ್ದ ಒಬ್ಬ ಸರದಾರನಿಗೂ ನಡುವೆ ಆದದ್ದು. ಅಲ್ಲಿ ನೆರವು ಬೇಡಿದವರು ಫ್ರೆಂಚರು. ೧೭೮೦ರ ಸಂಬಂಧ ಒಡೆಯನಿಗೂ ಸಂಬಳದ ಸೈನಿಕನಿಗೂ ಇದ್ದದ್ದು. ಅಲ್ಲಿ ಆಜ್ಞೆ ಹೈದರನದು, ಹಣವೂ ಅವನದು. ಹೆಸರಿನ ಸಾಮ್ಯವನ್ನು ನಂಬಿ ಇವೆರಡನ್ನು ಬೆಸೆದರೆ, ಫ್ರೆಂಚ್ ಸೇನಾಪತಿಯೊಬ್ಬನು ಇಪ್ಪತ್ತು ವರ್ಷ ಮೈಸೂರಿನ ಬೆನ್ನಿಗೆ ನಿಂತು ಅದರ ಸೈನ್ಯವನ್ನು ನಡೆಸಿದನೆಂಬ ಕಥೆ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಆಗ ಪೊಲ್ಲಿಲೂರಿನ ಗೆಲುವು ಯಾರದೆಂಬ ಪ್ರಶ್ನೆಗೆ ನಾವು ಅರಿಯದೆಯೇ ತಪ್ಪು ಉತ್ತರ ಕೊಟ್ಟಂತಾಗುತ್ತದೆ. ಬಳ್ಳಾರಿಯಲ್ಲಿ ತಾನು ಸೋಲಿಸಿದವನನ್ನೇ ಕೆಲಸಕ್ಕೆ ಇಟ್ಟುಕೊಂಡ ಹೈದರನ ಲೋಕಜ್ಞಾನವೂ ಕಣ್ಮರೆಯಾಗುತ್ತದೆ.

ಆದುದರಿಂದ ಹೆಸರನ್ನು ಸಾಕ್ಷ್ಯವಾಗಿ ಸ್ವೀಕರಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳುವುದು ಯುಕ್ತ. ಮೂಲಲಿಪಿಯಲ್ಲಿ ಅದರ ರೂಪವೇನು? ಅದನ್ನು ಧರಿಸಿದವನ ಜನನ ಮರಣಗಳ ಕಾಲ ಪ್ರಕೃತ ಘಟನೆಗೆ ಹೊಂದುವುದೇ? ಅವನು ಯಾರ ಅನ್ನ ಉಂಡು ಯಾರ ಆಜ್ಞೆಗೆ ನಡೆದನು? ಲಾಲಿ ಎಂಬ ಹೆಸರು ಈ ಪರೀಕ್ಷೆಯಲ್ಲಿ ಪುದುಚೇರಿಯ ಬೀದಿಯಲ್ಲಿ ಗೆಲ್ಲುತ್ತದೆ. ಕೊಯಮತ್ತೂರಿನ ರಸ್ತೆಯಲ್ಲಿಯೂ ಶ್ರೀರಂಗಪಟ್ಟಣದ ಗೋಡೆಯ ಮುಂದೆಯೂ ಸೋಲುತ್ತದೆ. ಕನ್ನಡದಲ್ಲಿ ಬರೆಯುವವರು ಸೇನಾಪತಿಯನ್ನು ‘ಲಾಲಿ’ ಎಂದೂ ಹೈದರನ ಅಧಿಕಾರಿಯನ್ನು ‘ದ ಲಾಲೇ’ ಎಂದೂ ಬೇರೆಬೇರೆಯಾಗಿ ಬರೆಯುವ ರೂಢಿಯನ್ನು ಹಾಕಿಕೊಂಡರೆ, ಒಂದು ಸ್ವರಚಿಹ್ನೆಯ ವ್ಯಯದಲ್ಲಿ ನಮ್ಮ ವಿದ್ಯಾರ್ಥಿಗಳನ್ನು ಬಹುದೊಡ್ಡ ಪ್ರಮಾದದಿಂದ ಪಾರುಮಾಡಿದಂತಾಗುತ್ತದೆ.