ಇಲ್ಲದ ಗುಂಡು

2011ರ ಈಜಿಪ್ಟ್ ದಂಗೆ ಎಂದರೆ ನಮಗೆ ತಹ್ರೀರ್ ಚೌಕದ ಘೋಷಣೆಗಳೇ ನೆನಪು. ಬಸ್ಮಾ ಅಬ್ದೆಲ್ ಅಜೀಜ್ 2013ರಲ್ಲಿ ಪ್ರಕಟಿಸಿದ ‘ಅಲ್ ತಾಬೂರ್’, ಅಂದರೆ ‘ಸರತಿ ಸಾಲು’, ಹೆಸರಿಲ್ಲದ ಊರೊಂದರಲ್ಲಿ ಜನರ ದಂಗೆ ಅಡಗಿದ ಮೇಲಿನ ಕಥೆ. ಯಾಹ್ಯಾನ ದೇಹದಲ್ಲಿ ಗುಂಡು ಕೂತಿದೆ. ಅದನ್ನು ತೆಗೆಯಲು ‘ದ್ವಾರ’ ಎಂಬ ಅಧಿಕಾರದ ಅನುಮತಿ ಬೇಕು. ದ್ವಾರವೋ ತೆರೆಯುವುದೇ ಇಲ್ಲ. ಗುಂಡೇ ಹಾರಿಲ್ಲ ಎಂದು ಸಾರುತ್ತದೆ.

ಇದನ್ನು ಓದಿದವರು ಕಾಫ್ಕಾನನ್ನು ನೆನೆಯುವುದು ಸಹಜ. ಆ ಹೋಲಿಕೆ ನನಗೆ ಅರ್ಧ ಮಾತ್ರ ಒಪ್ಪಿಗೆ. ‘ದಿ ಟ್ರಯಲ್’ನಲ್ಲಿ ಆರೋಪವೇನೆಂದೇ ತಿಳಿಯದು, ಇಲ್ಲಿ ಗುಂಡು ಯಾರದೆಂದು ಯಾಹ್ಯಾನಿಗೂ ಗೊತ್ತು, ವೈದ್ಯನಿಗೂ ಗೊತ್ತು. ಗೊತ್ತಿದ್ದದ್ದನ್ನು ಅಳಿಸುವುದೇ ಆಡಳಿತದ ಕೆಲಸ. ಲೇಖಕಿ ಚಿತ್ರಹಿಂಸೆ ಅನುಭವಿಸಿದವರ ಜೊತೆ ಕೆಲಸ ಮಾಡಿದ ಮನೋವೈದ್ಯೆ. ಅದಕ್ಕೇ ಇರಬೇಕು, ಕಾದಂಬರಿ ನಿಜಕ್ಕೂ ನಡುಗಿಸುವುದು ಯಾಹ್ಯಾನ ಗಾಯದಲ್ಲಲ್ಲ, ಅವನ ಗೆಳತಿ ಅಮಾನಿಯಲ್ಲಿ. ಕತ್ತಲಲ್ಲಿ ಬಂಧಿಯಾಗಿದ್ದು ಹೊರಬಂದ ಅವಳು, ಗುಂಡು ಇಲ್ಲವೆಂದೇ ನಂಬತೊಡಗುತ್ತಾಳೆ.