ಜೀವಕೋಶ ಇಟ್ಟಿಗೆಯಲ್ಲ

1936ರಲ್ಲಿ ಶಿವರಾಮ ಕಾರಂತರು ‘ಬಾಲ ಪ್ರಪಂಚ’ ತಂದ ಮೇಲೆ ಕನ್ನಡದಲ್ಲಿ ಮಕ್ಕಳ ವಿಜ್ಞಾನ ಬರವಣಿಗೆ ಸಾಕಷ್ಟು ಬೆಳೆದಿದೆ. ಜೀವಕೋಶದ ಪಾಠ ಮಾತ್ರ ಎಷ್ಟೋ ಕಡೆ ಇನ್ನೂ ‘ಮನೆಗೆ ಇಟ್ಟಿಗೆಯಿದ್ದಂತೆ’ ಎಂದೇ ಶುರುವಾಗುತ್ತದೆ. ವಿನೋಬನಗರದ ನಮ್ಮ ಬೀದಿಯ ಹುಡುಗಿಯೊಬ್ಬಳು ಅದನ್ನೋದಿ, ‘ನಾನು ಎತ್ತರ ಆದ್ರೆ ಹೊಸ ಇಟ್ಟಿಗೆ ಯಾರು ತರ್ತಾರೆ?’ ಅಂದಳು. ಹೋಲಿಕೆ ಅಲ್ಲೇ ಕುಸಿಯಿತು. ಇಟ್ಟಿಗೆ ಎರಡಾದರೆ ಚೂರು; ಜೀವಕೋಶ ಎರಡಾದರೆ ಎರಡೂ ಜೀವಂತ. ಕೆಂಪು ರಕ್ತಕಣವಂತೂ ಸುಮಾರು 120 ದಿನ ದುಡಿದು ಜಾಗ ಖಾಲಿ ಮಾಡುತ್ತದೆ.

1665ರಲ್ಲಿ ರಾಬರ್ಟ್ ಹುಕ್ ಕಾರ್ಕ್ ಚೂರಿನಲ್ಲಿ ಕಂಡದ್ದು ಸತ್ತ ಕೋಶಗಳ ಬರಿಗೋಡೆ. ಕೋಣೆ ಎಂಬರ್ಥದ ‘ಸೆಲ್’ ಅಲ್ಲಿಂದ ಬಂತು. ನಮ್ಮ ಪದದಲ್ಲೋ ಜೀವ ಮೊದಲೇ ಇದೆ. ಅದನ್ನು ಬಿಟ್ಟು ನಮ್ಮ ಲೇಖಕರು ಗೋಡೆ ಕಟ್ಟಲು ಹೊರಡುವುದೇಕೆ?