ಫೋಟೋದೊಳಗಿನ ಸೀರೆ

ಕುಟುಂಬದ ಗ್ರೂಪ್ ಫೋಟೋ ಒಂದು ಕೈಗೆ ಬಂದರೆ ನಾವು ಹೆಂಗಸರು ಮೊದಲು ನೋಡುವುದು ಮುಖಗಳನ್ನಲ್ಲ, ಸೀರೆಗಳನ್ನು. 'ಇದು ಅಕ್ಕನ ಮದುವೆ ಸೀರೆ ಅಲ್ಲವೇ, ತಂಗಿ ಯಾಕೆ ಉಟ್ಟಿದ್ದಾಳೆ?' ಎಂದು ಅಲ್ಲಿಂದಲೇ ಮಾತು ಶುರು. ಗಂಡಸರು ಇದನ್ನು ಆಡಿಕೊಂಡು ನಗುತ್ತಾರೆ. ನಗಲಿ ಬಿಡಿ. ನನಗಂತೂ ಇದು ಬಹಳ ಒಳ್ಳೆಯ ವಿಮರ್ಶೆಯ ಕ್ರಮವೆನಿಸಿದೆ. ಮುಖವನ್ನು ಕ್ಯಾಮರಾದ ಮುಂದೆ ಎಲ್ಲರೂ ಒಂದೇ ತರಹ ಮಾಡಿಕೊಳ್ಳುತ್ತಾರೆ. ಮೊದಲಿನವರು ಗಂಟು ಹಾಕಿಕೊಂಡು, ಈಗಿನವರು ಹಲ್ಲು ಕಿರಿದುಕೊಂಡು. ಬಟ್ಟೆ ಹಾಗಲ್ಲ. ಅದನ್ನು ಯಾರೋ ಆರಿಸಿರುತ್ತಾರೆ, ಯಾರೋ ಬೇಡವೆಂದಿರುತ್ತಾರೆ, ಯಾರೋ ಒಂದು ದಿನದ ಮಟ್ಟಿಗೆ ಕಡ ಕೊಟ್ಟಿರುತ್ತಾರೆ. ಕವಿತೆ ಓದುವವರು ಕವಿ ಆರಿಸಿದ ಒಂದು ಶಬ್ದವನ್ನು ಹಿಡಿದು ಗಂಟೆಗಟ್ಟಲೆ ಕೂಡುವುದಿಲ್ಲವೇ? ನಾವು ಸೆರಗು ಹಿಡಿದು ಕೂಡುತ್ತೇವೆ, ಅಷ್ಟೆ.

ಈ ಲೆಕ್ಕದಲ್ಲಿ ಇಂದಿನ ಕುಟುಂಬದ ಫೋಟೋಗಳನ್ನು ಓದಲು ಹೋದರೆ ಕೈಗೆ ಏನೂ ಹತ್ತುವುದಿಲ್ಲ. ಎಲ್ಲರದೂ ಒಂದೇ ಬಣ್ಣ! ಅರವತ್ತರ ಶಾಂತಿ ಇರಲಿ, ಸೀಮಂತ ಇರಲಿ, ಮನೆ ಒಕ್ಕಲು ಇರಲಿ, ಹದಿನೈದು ದಿನ ಮೊದಲೇ ಫೋನಿಗೆ ಸಂದೇಶ ಬರುತ್ತದೆ: ಬೆಳಿಗ್ಗೆ ಪೀಚ್, ಸಂಜೆ ಲ್ಯಾವೆಂಡರ್. ಅಪ್ಪನ ಕುರ್ತಾ, ಮಗನ ಕುರ್ತಾ, ತಾಯಿಯ ಸೀರೆ, ಕೂಸಿನ ಫ್ರಾಕು ಎಲ್ಲವನ್ನೂ ಒಂದೇ ತಾನಿನಿಂದ ಹೊಲಿದು ಮಾರುವ ಅಂಗಡಿಗಳೂ ಇವೆ. ಕೊನೆಗೆ ಫೋಟೋದಲ್ಲಿ ಕಾಣುವುದು ಕುಟುಂಬವೋ, ಮದುವೆ ಮನೆಯ ಬ್ಯಾಂಡ್ ಕಂಪನಿಯೋ ಎಂದು ಅನುಮಾನ ಬರುತ್ತದೆ.

ಫೋಟೋ ತೆಗೆಯುವವರ ಮಾತನ್ನೂ ಕೇಳಬೇಕು. ಅವರು ಹೇಳುವುದರಲ್ಲಿ ಹುರುಳಿಲ್ಲದೆ ಇಲ್ಲ. ಹತ್ತು ಜನ ತಿಳಿ ಬಣ್ಣದಲ್ಲಿದ್ದು ಒಬ್ಬರು ಮಾತ್ರ ಗಾಢ ಕೆಂಪು ಉಟ್ಟರೆ ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಸಣ್ಣ ಗೆರೆ, ಸಣ್ಣ ಚೌಕಳಿಯ ಬಟ್ಟೆ ಡಿಜಿಟಲ್ ಕ್ಯಾಮರಾದಲ್ಲಿ ನೀರಿನ ಅಲೆಯ ಹಾಗೆ ಇಲ್ಲದ ಗೆರೆಗಳನ್ನು ಎಬ್ಬಿಸುತ್ತದೆ. ಹೊಳೆಯುವ ಹಸಿರು ಉಟ್ಟು ಬಿಸಿಲಿಗೆ ನಿಂತರೆ ಗದ್ದದ ಕೆಳಗೆಲ್ಲ ಹಸಿರು ಬಡಿಯುತ್ತದೆ. ಜರಿ ಫ್ಲ್ಯಾಷಿಗೆ ಮಿಂಚುತ್ತದೆ. ಇವೆಲ್ಲ ನಿಜ. ಆದರೆ ಚೌಕಳಿ ಬೇಡವೆನ್ನುವುದು ಬೇರೆ, ಮನೆಮಂದಿಯೆಲ್ಲ ಒಂದೇ ಬಣ್ಣದಲ್ಲಿ ಅದ್ದಿ ತೆಗೆದ ಹಾಗಿರಬೇಕೆನ್ನುವುದು ಬೇರೆ. ಮೊದಲನೆಯದು ಕ್ಯಾಮರಾದ ತೊಂದರೆ. ಎರಡನೆಯದು, ನಾವೆಲ್ಲ ಒಂದೇ ಮನಸ್ಸಿನವರು ಎಂದು ನೋಡುವವರನ್ನು ನಂಬಿಸುವ ಆಸೆ. ಒಂದೇ ಬಣ್ಣ ಉಟ್ಟು ನಿಂತವರಲ್ಲಿ ಆಸ್ತಿ ಪಾಲಿನ ಮಾತಿಗೆ ಮುನಿಸಿಕೊಂಡವರು ಯಾರೆಂದು ಗೊತ್ತಾಗುವುದಿಲ್ಲ ನೋಡಿ!

ಮೊದಲು ಹೀಗಿರಲಿಲ್ಲ. ಸುಳ್ಳು ಆಗಲೂ ಇತ್ತು, ಅದರ ಬಗೆ ಬೇರೆ. ಊರ ಸ್ಟುಡಿಯೋದ ಗೋಡೆಗೆ ಕನ್ನಡಿ, ಅದರ ಪಕ್ಕ ದಾರ ಕಟ್ಟಿದ ಬಾಚಣಿಗೆ, ಪೌಡರ್ ಡಬ್ಬಿ, ಮೊಳೆಗೆ ತೂಗುಹಾಕಿದ ಒಂದು ಕೋಟು. ಆ ಒಂದು ಕೋಟು ಊರಿನ ಎಷ್ಟು ಗಂಡಸರ ಮೈಮೇಲೆ ಹತ್ತಿ ಇಳಿದಿತ್ತೋ! ತೋಳು ಉದ್ದವಾದರೆ ಒಳಗೆ ಮಡಚಿಕೊಂಡರಾಯಿತು. ವರನ ಮನೆಗೆ ಕಳಿಸುವ ಹುಡುಗಿಯ ಫೋಟೋಕ್ಕೆ ಸೀರೆ ನೆರೆಮನೆಯದು, ಸರ ಮಾಮಿಯದು. ಆದರೆ ಕಡ ತಂದದ್ದು ಕಡ ತಂದದ್ದಾಗಿಯೇ ಕಾಣುತ್ತಿತ್ತು. ಭುಜದ ಹತ್ತಿರ ಹೊಂದದ ಹೊಲಿಗೆ ಇವತ್ತಿಗೂ ಕಾಣುತ್ತದೆ, ಆ ಮನೆಯ ಅಂದಿನ ಆಸೆಯನ್ನೂ ಬಡತನವನ್ನೂ ಒಟ್ಟಿಗೇ ಹೇಳುತ್ತದೆ.

ಹಳೆಯ ಕಪ್ಪು ಬಿಳುಪು ಫೋಟೋಗಳನ್ನು ಓದುವಾಗ ಮಾತ್ರ ಒಂದು ಎಚ್ಚರ ಬೇಕು. ಅಲ್ಲಿ ಕಪ್ಪಾಗಿ ಕಾಣುವ ಸೀರೆ ಕಪ್ಪಲ್ಲ. ಆ ಕಾಲದ ಗಾಜಿನ ಪ್ಲೇಟಿಗೆ ನೀಲಿ ಬಣ್ಣ ಬೇಗ ಹತ್ತುತ್ತಿತ್ತು, ಕೆಂಪು ಹತ್ತುತ್ತಲೇ ಇರಲಿಲ್ಲ. 1873ರಲ್ಲಿ ಜರ್ಮನಿಯ ಹೆರ್ಮನ್ ಫೋಗೆಲ್ ಪ್ಲೇಟಿನ ಲೇಪಕ್ಕೆ ಬಣ್ಣದ ಪುಡಿ ಸೇರಿಸಿ ಹಸಿರೂ ಮೂಡುವ ಹಾಗೆ ಮಾಡಿದ. ಕೆಂಪೂ ಸೇರಿ ಎಲ್ಲ ಬಣ್ಣಗಳಿಗೆ ಸ್ಪಂದಿಸುವ ಪ್ಲೇಟು ಮಾರಾಟಕ್ಕೆ ಬಂದದ್ದು 1906ರಲ್ಲಿ. ಆಮೇಲೂ ದಶಕಗಟ್ಟಲೆ ಕೆಂಪು ಕಾಣದ ಪ್ಲೇಟು, ಫಿಲ್ಮುಗಳು ಬಳಕೆಯಲ್ಲಿದ್ದವು. ಹೀಗಾಗಿ ತಿಳಿ ನೀಲಿ ಉಟ್ಟವಳು ಬಿಳಿ ಉಟ್ಟ ಹಾಗೆ, ದಾಳಿಂಬರಿ ಕೆಂಪು ಉಟ್ಟವಳು ಕರಿ ಉಟ್ಟ ಹಾಗೆ. ಹಣೆಯ ಕುಂಕುಮವೂ ಕಪ್ಪು ಬೊಟ್ಟೇ.

ನಮ್ಮ ಕಡೆಯ ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಒಡಲಿಗೂ ಸೆರಗಿಗೂ ಹಾಸು ಬೇರೆ ಬೇರೆ, ಎರಡನ್ನೂ ಮಗ್ಗದ ಮೇಲೆ ಕೊಂಡಿ ಹಾಕಿ ಕೂಡಿಸುತ್ತಾರೆ. ಸೆರಗು ಕೆಂಪು, ಅದರ ಮೇಲೆ ಬಿಳಿಯ ಟೋಪ್ ತೆನಿ. ಪ್ಲೇಟಿನ ಮೇಲೆ ಕೆಂಪೆಲ್ಲ ಮುಳುಗಿ ಬಿಳಿಯ ತೆನಿಯ ಸಾಲು ಮಾತ್ರ ಹಲ್ಲು ತೋರಿಸಿದ ಹಾಗೆ ನಿಲ್ಲುತ್ತದೆ. ಈಗ ಅದೇ ಮನೆಯಲ್ಲಿ ತಲೆ ಬೋಳಿಸಿಕೊಂಡ ವಿಧವೆಯೊಬ್ಬಳು ಇದ್ದಳೆನ್ನಿ. ಕೆಲವು ಜಾತಿಗಳಲ್ಲಿ ಅವಳಿಗೆ ಹಾಕಿಕೊಟ್ಟದ್ದೂ ಕೆಂಪು ಸೀರೆಯೇ, ಅಂಚಿಲ್ಲದ್ದು, ತೆನಿಯಿಲ್ಲದ್ದು. ಪ್ಲೇಟಿಗೆ ಈ ಕೆಂಪು ಬೇರೆ, ಆ ಕೆಂಪು ಬೇರೆ ಎಂಬ ಭೇದ ಗೊತ್ತಿರಲಿಲ್ಲ. ಮುತ್ತೈದೆಯನ್ನೂ ಅವಳನ್ನೂ ಒಂದೇ ಕಪ್ಪಿನಲ್ಲಿ ಬರೆದುಬಿಡುತ್ತಿತ್ತು. ಆ ಭೇದವನ್ನು ಕಾಯುವ ಕೆಲಸ ಮನೆಯವರಿಗೆ ಬಿತ್ತು. ಅವರು ಜಾಗದಿಂದ ಕಾಯ್ದರು: ಇವಳಿಗೆ ನಡುವಿನ ಕುರ್ಚಿ, ಅವಳಿಗೆ ಬಾಗಿಲ ಸಂದು. ಎಷ್ಟೋ ಫೋಟೋಗಳಲ್ಲಿ ಆ ಸಂದೂ ಇಲ್ಲ. ಫೋಟೋದ ದಿನ ಅವಳು ಒಲೆಯ ಮುಂದಿದ್ದಳು. ಗ್ರೂಪ್ ಫೋಟೋದಲ್ಲಿ ಇಲ್ಲದವರ ಸೀರೆಯನ್ನೂ ಓದಲು ಕಲಿಯಬೇಕು ಎನ್ನುವುದು ಇದಕ್ಕೇ.

ಬಟ್ಟೆಯ ಆಯ್ಕೆ ಎಷ್ಟು ದೊಡ್ಡ ಮಾತು ಹೇಳಬಲ್ಲದು ಎಂಬುದಕ್ಕೆ ನಮ್ಮ ನಾಡಿನದೇ ಒಂದು ಚಿತ್ರವಿದೆ. ಕ್ಯಾಮರಾ ಹುಟ್ಟುವ ಮೊದಲಿನದು. ಸುಮಾರು 1805ರಲ್ಲಿ ತಾಮಸ್ ಹಿಕಿ ಎಂಬ ಐರಿಶ್ ಕಲಾವಿದ ಮೈಸೂರಿನಲ್ಲಿ ಬರೆದ ಮೂವರು ಹೆಂಗಸರ ತೈಲಚಿತ್ರ. ಮೈತುಂಬ ಚಿನ್ನ, ಜರಿ. ಬಹುಕಾಲ ಇವರನ್ನು ನರ್ತಕಿಯರೆಂದೇ ತಿಳಿಯಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸಲರ್ ತೋಳಿನ ಒಡವೆಗಳನ್ನೂ ತಲೆಯ ಒಡವೆಗಳನ್ನೂ ನೋಡಿ, ಇವರು ಒಡೆಯರ ಮನೆತನದ ರಾಣಿಯರು ಎಂದರು. ಬಟ್ಟೆಬರೆ ನೋಡಿಯೇ ಗುರುತು ಹಿಡಿದರು ಎನ್ನುವುದನ್ನು ನಮ್ಮ ಆಡಿಕೊಳ್ಳುವ ಗಂಡಸರು ಗಮನಿಸಬೇಕು!

ಅವರ ಓದಿನಂತೆ ಬಲಗಡೆ ಇರುವವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಹನ್ನೆರಡರ ಆಸುಪಾಸಿನ ಹುಡುಗಿ. ಅವಳ ಎಡತೋಳನ್ನು ಮುಚ್ಚಬೇಕಾಗಿದ್ದ ಸೀರೆ ಸರಿದಿದೆ, ಇನ್ನೊಂದು ಕೈ ಆ ಜಾಗವನ್ನು ತೋರಿಸುತ್ತಿದೆ. ಅಲ್ಲಿ ಸಿಡುಬಿನ ಲಸಿಕೆ ಹಾಕಲಾಗಿತ್ತು. ಎಡೆನ್ನೆಯವಳು ಹಿರಿಯ ರಾಣಿ, ಅವಳ ಹೆಸರೂ ದೇವಾಜಮ್ಮಣ್ಣಿಯೇ. ಅವಳ ಮೂಗು, ಬಾಯಿಯ ಸುತ್ತ ಬಣ್ಣ ಬೇರೆಯಾಗಿದೆ. ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದುವ ಹಳೆಯ ಪದ್ಧತಿಯ ಗುರುತು ಅದು ಎನ್ನುತ್ತಾರೆ ಅವರು. ಎಡ್ವರ್ಡ್ ಜೆನ್ನರ್ ಗೋವಿನ ಸಿಡುಬಿನ ಪ್ರಯೋಗ ಮಾಡಿದ್ದು 1796ರಲ್ಲಿ. ಲಸಿಕೆ ಮುಂಬಯಿಗೆ ಬಂದು, ಮೂರು ವರ್ಷದ ಕೂಸಿನ ತೋಳಿನಲ್ಲಿ ಹತ್ತಿದ್ದು 1802ರ ಜೂನ್ 14ರಂದು. ಅಲ್ಲಿಂದ ಮುಂದೆ ಅದು ಒಬ್ಬರ ತೋಳಿನ ಗುಳ್ಳೆಯಿಂದ ಇನ್ನೊಬ್ಬರ ತೋಳಿಗೆ ಹೀಗೆ ದಾಟುತ್ತ ಹೋಗಬೇಕು. ಯಾರ ಮೈಯದು, ಯಾವ ಜಾತಿಯದು ಎಂದು ಜನ ಹೆದರಿದ್ದರೆ ಆಶ್ಚರ್ಯವಿಲ್ಲ. ಅಂಥ ಹೊತ್ತಿನಲ್ಲಿ ರಾಣಿಯೇ ತೋಳು ತೋರಿಸಿ ನಿಂತದ್ದು ಎಂದರೆ ಏನು!

ನನಗೆ ಈ ಚಿತ್ರದಲ್ಲಿ ಹಿಡಿಸಿದ್ದು ಇದು: ಅಷ್ಟು ಬಂಗಾರದ ನಡುವೆ ಮಾತನಾಡುವುದು ಏನೂ ಹೊದಿಸದ ಅಂಗೈ ಅಗಲದ ಜಾಗ. ಆದರೆ ಸೆರಗು ಸರಿಸು ಎಂದವರು ಯಾರು? ಲಸಿಕೆ ಹರಡಬೇಕೆಂದಿದ್ದದ್ದು ಈಸ್ಟ್ ಇಂಡಿಯಾ ಕಂಪನಿಗೆ. ಅರಮನೆಯ ಹಿರಿಯರ ಒಪ್ಪಿಗೆಯೂ ಇದ್ದಿರಬೇಕು, ಇಲ್ಲದಿದ್ದರೆ ಪರದೇಶದ ಗಂಡಸಿನ ಮುಂದೆ ಅವರು ಕೂಡುವುದು ಹೇಗೆ? ಒಳ್ಳೆಯ ಕೆಲಸಕ್ಕೇ ಸರಿಸಿದ ಸೆರಗು, ಅನುಮಾನವಿಲ್ಲ. ಆ ಹುಡುಗಿಯನ್ನು ಒಂದು ಮಾತು ಕೇಳಿದ್ದರೋ ಎಂಬುದು ಮಾತ್ರ ಚಿತ್ರದಲ್ಲಿ ಇಲ್ಲ.

ಇನ್ನು, ಎಲ್ಲರೂ ತಮ್ಮ ತಮ್ಮದೇ ಉಟ್ಟರೆ ಚಿತ್ರ ತಾನಾಗಿ ಚೆನ್ನಾಗಿಬಿಡುತ್ತದೆ ಎಂದೂ ನಾನು ಹೇಳುವುದಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ 1889ರ ಚಿತ್ರವಿದೆ, ಹನ್ನೊಂದು ಮಂದಿ ಸಂಗೀತಗಾರ್ತಿಯರದು. ಮಲಯಾಳಿ, ಮರಾಠಿ, ಪಾರ್ಸಿ, ಮುಸ್ಲಿಂ ಹೀಗೆ ಒಬ್ಬೊಬ್ಬಳದೂ ಒಂದೊಂದು ಉಡುಗೆ. ಬಟ್ಟೆಯ ನೆರಿಗೆಯನ್ನು ಬರೆಯುವುದರಲ್ಲಿ ಅವನಿಗೆ ಸಾಟಿ ಯಾರು? ಆದರೆ ಮುಖಗಳ ಮೇಲೆಲ್ಲ ಒಂದೇ ಮಂಕು. ಯಾರೂ ಯಾರ ಸಂಗೀತವನ್ನೂ ಕೇಳುತ್ತಿರುವ ಹಾಗಿಲ್ಲ. ಉಡುಗೆ ತೋರಿಸಲಿಕ್ಕೆ ಜನರನ್ನು ಕೂರಿಸಿದರೆ ಹೀಗಾಗುತ್ತದೆ. ಒಂದೇ ಬಣ್ಣದ ಕುಟುಂಬಗಳದೂ ಇದೇ ಕತೆ, ತಿರುಗುಮುರುಗು.

ಬಣ್ಣದ ಫಿಲ್ಮು ಬಂದ ಮೇಲೆ ಕಷ್ಟ ಬಂದದ್ದು ಕಪ್ಪು ಮೈಯ ಹುಡುಗಿಯರಿಗೆ. 'ನೀನು ತಿಳಿ ಬಣ್ಣ ಉಡು', 'ನೀನು ಗಾಢ ಉಡಬೇಡ', 'ಇನ್ನೊಂದು ಚೂರು ಪೌಡರ್ ಹಚ್ಚು'. ಹಚ್ಚಿದರೆ ಮುಖ ಬೂದಿ, ಕತ್ತು ಕಪ್ಪು. ತಪ್ಪು ಮೈಬಣ್ಣದ್ದೆಂದೇ ನಾವೆಲ್ಲ ತಿಳಿದಿದ್ದೆವು. ಆದರೆ 1950ರ ದಶಕದಿಂದ ಪ್ರಿಂಟ್ ಹಾಕುವ ಲ್ಯಾಬುಗಳಲ್ಲಿ ಬಣ್ಣ ಸರಿಯಿದೆಯೋ ಇಲ್ಲವೋ ಎಂದು ನೋಡಲು ಕೊಡ್ಯಾಕ್ ಕಂಪನಿ ಕಳಿಸುತ್ತಿದ್ದ ಮಾದರಿ ಕಾರ್ಡಿನ ಮೇಲೆ ಇದ್ದದ್ದು ಒಬ್ಬ ಬಿಳಿಯ ಹೆಂಗಸು. ಶರ್ಲಿ ಕಾರ್ಡು ಎಂದೇ ಅದಕ್ಕೆ ಹೆಸರು. ಅವಳ ಮೈ ಸರಿಯಾಗಿ ಬಂದರೆ ಬಣ್ಣ ಸರಿ. ಇದನ್ನು ಅಧ್ಯಯನ ಮಾಡಿದ ಕೆನಡಾದ ಲೋರ್ನಾ ರಾತ್ ಬರೆಯುವ ಪ್ರಕಾರ, ಕಂದು ಬಣ್ಣಗಳ ಬಗ್ಗೆ ಕಂಪನಿ ಕಿವಿಗೊಟ್ಟದ್ದು ಚಾಕೊಲೇಟ್ ಮಾರುವವರೂ ಮರದ ಪೀಠೋಪಕರಣ ಮಾರುವವರೂ ತಮ್ಮ ಜಾಹೀರಾತು ಚೆನ್ನಾಗಿ ಬರುತ್ತಿಲ್ಲವೆಂದು ದೂರಿದ ಮೇಲೆ. ಮೇಜು ಕುರ್ಚಿಗಳಿಗೆ ಸಿಕ್ಕ ನ್ಯಾಯ ಮನುಷ್ಯರಿಗೆ ಸಿಕ್ಕಿರಲಿಲ್ಲ. ಬೇರೆ ಬೇರೆ ಮೈಬಣ್ಣದ ಹೆಂಗಸರಿದ್ದ ಕಾರ್ಡು ಬಂದದ್ದು 1990ರ ದಶಕದಲ್ಲಿ. ಅಷ್ಟರೊಳಗೆ ಎಷ್ಟು ಹುಡುಗಿಯರು ತಮಗೆ ಮೆಚ್ಚಿದ ನೇರಳೆ ಸೀರೆಯನ್ನು ಫೋಟೋದ ದಿನ ಪೆಟ್ಟಿಗೆಯಲ್ಲೇ ಬಿಟ್ಟರೋ.

ಇಷ್ಟೆಲ್ಲ ನೋಡಿದ ಮೇಲೆ ನಾನು ಯಾವ ಕುಟುಂಬದ ಫೋಟೋದಲ್ಲಿಯೂ ಹುಡುಕುವುದು ಒಂದನ್ನೇ: ಯಾರ ಬಟ್ಟೆಯ ಮಾತು ಎಲ್ಲರಿಗಿಂತ ಕಡೆಗೆ ಬಂದಿತ್ತು? ಸಾಮಾನ್ಯವಾಗಿ ಅದು ತಾಯಿಯದು. ಎಲ್ಲರ ಅಂಗಿ ಇಸ್ತ್ರಿಯಾಗಿ, ಮಕ್ಕಳ ಜಡೆ ಮುಗಿದು, ಇನ್ನೇನು ಹೊರಡಬೇಕು ಎನ್ನುವಾಗ ಯಾರಿಗೋ ನೆನಪಾಗುತ್ತದೆ.

ನಮ್ಮ ಅವ್ವನಿಗೆ ಎಪ್ಪತ್ತೈದು ತುಂಬಿದಾಗಲೂ ಹೀಗೇ ಆಯಿತು. ಬಣ್ಣ ಲ್ಯಾವೆಂಡರ್ ಎಂದು ಗೊತ್ತಾಗಿ, ಎಲ್ಲರ ಬಟ್ಟೆಯೂ ಬಂದಿತ್ತು. ಹಿಂದಿನ ರಾತ್ರಿ ನಮ್ಮ ವೈನಿ ಕೇಳಿದರು:

'ಅತ್ತಿ, ನೀವು ಯಾವ ಸೀರಿ ಉಡತೀರಿ?'

'ನಂದೇನ ಬಿಡವಾ, ನೀವು ಚಂದ ಕಾಣ್ರಿ. ನಾ ಹಿಂದ ನಿಂದರತೇನಿ.'

ಯಾರ ಹುಟ್ಟುಹಬ್ಬ ಎಂಬುದನ್ನೇ ಮರೆತ ಮಾತು! ಆದರೂ ಮರುದಿನ ಅವ್ವ ಉಟ್ಟು ಬಂದದ್ದು ತನ್ನ ದಾಳಿಂಬರಿ ಬಣ್ಣದ ಇಳಕಲ್, ತೆನಿ ಕಾಣುವ ಹಾಗೆ ಸೆರಗು ಮುಂದೆ ತಂದುಕೊಂಡು. ವೈನಿಯೇ ಕೈಹಿಡಿದು ನಡುವೆ ಕೂರಿಸಿದರು. ಫೋಟೋದವರು ಎರಡು ಸಲ ಕೆಮ್ಮಿ, ಬಣ್ಣ ಬೇರೆಯಾಗುತ್ತದೆ, ಕಣ್ಣು ಅಲ್ಲಿಗೇ ಹೋಗುತ್ತದೆ ಎಂದರು. ಇರಲಿ ಎಂದೆವು.

ತಿಂಗಳ ಮೇಲೆ ಆಲ್ಬಮ್ ಬಂತು. ದಪ್ಪ ಹಾಳೆ, ಅಂಚಿಗೆ ಹೂಬಳ್ಳಿ. ನಡುವಿನ ದೊಡ್ಡ ಫೋಟೋದಲ್ಲಿ ಅವ್ವನ ಸೀರೆ ಲ್ಯಾವೆಂಡರ್! ಕಂಪ್ಯೂಟರಿನಲ್ಲಿ ಕೆಂಪನ್ನೆಲ್ಲ ತೊಳೆದು, ನಮ್ಮೆಲ್ಲರ ಬಣ್ಣಕ್ಕೆ ಹೊಂದಿಸಿದ್ದರು. ತೆನಿ ಎಲ್ಲಿದೆಯೆಂದು ಹುಡುಕಬೇಕು. ಕೇಳಿದವರಿಲ್ಲ, ಹೇಳಿದವರಿಲ್ಲ. ಅವ್ವ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದಳು.

'ಈ ಸೀರಿ ಯಾರದವಾ? ನಂದಲ್ಲಲಾ.'

ತಿದ್ದದ ಮೂಲ ಪ್ರತಿಯನ್ನು ಕೇಳಿ ತರಿಸಿ ಬೇರೆ ಪ್ರಿಂಟ್ ಹಾಕಿಸಿದೆವು. ಈಗ ಪಡಸಾಲೆಯಲ್ಲಿ ತೂಗುವುದು ಅದೇ. ಹದಿನಾಲ್ಕು ಜನ ತಿಳಿ ಬಣ್ಣದಲ್ಲಿ ಮಂಜಿನ ಹಾಗೆ ನಿಂತಿದ್ದೇವೆ, ನಡುವೆ ಕೆಂಪು ಸೆರಗು. ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಫೋಟೋದವರು ಹೇಳಿದ್ದು ನಿಜವೇ.